ನೂತ ನೂಲನ್ನು ಬಿಚ್ಚದಿರೋಣ

ರಮಝಾನ್ ತಿಂಗಳಲ್ಲಿ ಬೀಡಿ, ಸಿಗರೇಟು ಸೇದುವ ನಮ್ಮ ಸಹೋದರರನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉಳಿದ ದಿನಗಳಲ್ಲಿ ಅರ್ಧ ಗಂಟೆಗೊಮ್ಮೆ ಜೇಬು ತಡಕುವ ವ್ಯಕ್ತಿ, ಸಹರಿಯಿಂದ ಮಗ್ರಿಬ್‌ನ ಅಝಾನ್ ತನಕ ಸುಮಾರು 13 ಗಂಟೆಗಳ ಕಾಲ ಅದನ್ನು ಮುಟ್ಟುವುದಿಲ್ಲ. ಅವನಿಗೆ ಕಾವಲುಗಾರರಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನೇ ಇದ್ದರೂ ಅವನು ಕಡ್ಡಿ ಗೀರುವುದಿಲ್ಲ. ಅಲ್ಲಾಹನು ನೋಡುತ್ತಿದ್ದಾನೆ ಎಂಬ ಅರಿವೊಂದೇ ಅವನನ್ನು ತಡೆಯುತ್ತದೆ. ಅಂದರೆ, "ನನ್ನಿಂದ ಬಿಡಲು ಆಗುವುದಿಲ್ಲ" ಎಂಬ ಮಾತನ್ನು ಅವನೇ ವರ್ಷಕ್ಕೆ ಮೂವತ್ತು ಸಲ ಸುಳ್ಳು ಮಾಡುತ್ತಾನೆ.

ಆದರೆ ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಬೆನ್ನಿಗೇ ಕೈ ಮತ್ತೆ ಜೇಬಿಗೆ ಹೋಗುತ್ತದೆ. ಈದ್‌ನ ಸಂಜೆಯ ಹೊತ್ತಿಗೆ ಎಲ್ಲವೂ ಮೊದಲಿನಂತೆ. ಹಾಗಾದರೆ ನಿಜವಾದ ಪ್ರಶ್ನೆ ಬಿಡುವುದು ಸಾಧ್ಯವೇ ಎಂಬುದಲ್ಲ, ಬಿಟ್ಟ ಮೇಲೆ ಉಳಿಯುವುದು ಹೇಗೆ ಎಂಬುದು. ಈ ಲೇಖನದಲ್ಲಿ ಅದನ್ನೇ ಅರಿಯಲು ಯತ್ನಿಸೋಣ.

ಧರ್ಮದ ದೃಷ್ಟಿ

ಪ್ರವಾದಿ(ಸ)ರ ಕಾಲದ ಅರೇಬಿಯಾದಲ್ಲಿ ತಂಬಾಕು ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂತು. ಸುಮಾರು 1604ರ ವೇಳೆಗೆ ನಮ್ಮ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಅದನ್ನು ಇಲ್ಲಿಂದ ಮೊಗಲ್ ಆಸ್ಥಾನಕ್ಕೆ ಒಯ್ದನು. ಆಸ್ಥಾನದ ಹಕೀಮರು ಈ ಅಪರಿಚಿತ ವಸ್ತುವನ್ನು ಒಪ್ಪಲಿಲ್ಲ. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಆದರೆ ಅಷ್ಟರಲ್ಲಾಗಲೇ ಅಭ್ಯಾಸ ಬೇರೂರಿತ್ತು.

ಹೀಗೆ ಹೊಸದಾಗಿ ಬಂದ ವಸ್ತುವಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟಾದುದು ಸಹಜ. ಕೆಲವರು ಹರಾಮ್ ಎಂದರು, ಕೆಲವರು ಮಕ್ರೂಹ್ ಎಂದರು, ಅನುಮತಿ ಇದೆ ಎಂದವರೂ ಇದ್ದರು. ಅದರ ಹಾನಿ ಆಗ ಖಚಿತವಾಗಿ ತಿಳಿದಿರಲಿಲ್ಲ ಎಂಬುದು ಈ ಭಿನ್ನತೆಗೆ ಮುಖ್ಯ ಕಾರಣ. 1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಅದನ್ನು ದೃಢಪಡಿಸಿತು. ಇಂದು ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರು ತಂಬಾಕಿನಿಂದ ಸಾಯುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾನಿ ಸಾಬೀತಾದಲ್ಲಿ, ವಿಶೇಷವಾಗಿ ವೈದ್ಯರು ರೋಗಿಗೆ ಬಿಡಲು ಹೇಳಿದ್ದಲ್ಲಿ, ಅದು ನಿಷಿದ್ಧ ಎಂದು ಯೂಸುಫ್ ಅಲ್ ಖರ್ಝಾವಿಯವರಂಥ ವಿದ್ವಾಂಸರು ಬರೆದಿದ್ದಾರೆ.

ಈಗಲೂ ಮಕ್ರೂಹ್ ಎನ್ನುವ ಉಲೆಮಾಗಳು ನಮ್ಮಲ್ಲಿದ್ದಾರೆ. ಅವರ ಅಭಿಪ್ರಾಯವನ್ನು ಗೌರವಿಸೋಣ. ಆದರೆ ಮಕ್ರೂಹ್ ಎಂದರೆ "ಪರವಾಗಿಲ್ಲ" ಎಂದು ಅರ್ಥವಲ್ಲ, ಅಪ್ರಿಯ ಎಂದು ಅರ್ಥ. ಅಲ್ಲಾಹನಿಗೆ ಅಪ್ರಿಯವಾದುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಾ ಅವನ ಪ್ರೀತಿಯನ್ನು ಬಯಸುವುದು ಹೇಗೆ?

ಮೂಲತತ್ವಗಳಂತೂ ಸ್ಪಷ್ಟ. ನಮ್ಮ ಕೈಯಿಂದಲೇ ನಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ (2:195). ದುಂದುವೆಚ್ಚ ಮಾಡುವವರನ್ನು ಶೈತಾನನ ಸಹೋದರರೆಂದು ಅದು ಬಣ್ಣಿಸುತ್ತದೆ (17:27). ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ಪ್ರವಾದಿ(ಸ)ರು ಕಲಿಸಿದ ನಿಯಮ (ಇಬ್ನು ಮಾಜಃ). ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಅವರು ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ಬೆಳ್ಳುಳ್ಳಿಯಾದರೋ ಹಲಾಲಾದ ಆಹಾರ. ಬೀಡಿಯ ವಾಸನೆಯೊಂದಿಗೆ ಸಫ್‌ನಲ್ಲಿ ನಿಂತಾಗ ಪಕ್ಕದವನು ಪಡುವ ಪಾಡನ್ನು ನಾವು ಯೋಚಿಸುವುದೇ ಇಲ್ಲ. ದಿನಕ್ಕೆ 50 ರೂಪಾಯಿ ಈ ಚಟಕ್ಕೆ ಹೋದರೆ ವರ್ಷಕ್ಕೆ 18,250 ರೂಪಾಯಿ. ಇಪ್ಪತ್ತು ವರ್ಷಕ್ಕೆ 3,65,000. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ವ್ಯಯಿಸಿದೆ ಎಂದು ಅಂತ್ಯದಿನದಲ್ಲಿ ಪ್ರಶ್ನಿಸಲಾಗುವುದೆಂಬ ಹದೀಸನ್ನು (ತಿರ್ಮಿದಿ) ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಚಟದ ಬೇರು

ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನನ್ನು ಅರಿಯಬೇಕು. ಹೊಗೆಯಲ್ಲಿರುವ ನಿಕೋಟಿನ್ ಸುಮಾರು 10 ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ, ಕ್ಷಣಿಕವಾದ ಹಿತವನ್ನು ಕೊಡುತ್ತದೆ. ದಿನಗಳೆದಂತೆ ಮೆದುಳು ಅದಕ್ಕೆ ಹೊಂದಿಕೊಂಡು ಮತ್ತೆ ಮತ್ತೆ ಬೇಡುತ್ತದೆ. ಕೊಡದಿದ್ದರೆ ಸಿಡುಕು, ತಳಮಳ, ನಿದ್ದೆಗೇಡು, ಅತಿಯಾದ ಹಸಿವು ಕಾಣಿಸಿಕೊಳ್ಳುತ್ತವೆ. ಈ ಕಷ್ಟ ಮೊದಲ ಕೆಲವು ದಿನಗಳಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಇದು ದೇಹದ ಬೇರು.

ಎರಡನೆಯದು ರೂಢಿಯ ಬೇರು. ಚಹಾದ ಲೋಟ, ಊಟದ ನಂತರದ ಹೊತ್ತು, ಬಸ್ಸಿಗೆ ಕಾಯುವ ಬೇಸರ, ಇವೆಲ್ಲ ಬೀಡಿಯನ್ನು ನೆನಪಿಸುತ್ತವೆ. ಮೂರನೆಯದು ಸಹವಾಸದ ಬೇರು.

ರಮಝಾನ್‌ನ ಹಗಲಿನಲ್ಲಿ ಚಟವು ಸುಮ್ಮನಿರುವುದೇಕೆ ಎಂಬುದು ಈಗ ಅರ್ಥವಾಗುತ್ತದೆ. ಆಗ ಚಹಾವಿಲ್ಲ, ಊಟವಿಲ್ಲ, ಗೆಳೆಯರೂ ಉಪವಾಸಿಗರು. ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸಿನಲ್ಲಿ ನಿಯ್ಯತ್ ಇದೆ. ಆದರೆ ರಾತ್ರಿ ಮತ್ತೆ ಸೇದಿದಾಗ ದೇಹಕ್ಕೆ ಅದರ ಪಾಲು ಸಿಕ್ಕಿಬಿಡುತ್ತದೆ. ಹಗಲು ಕಷ್ಟಪಟ್ಟು ಕಡಿದ ಬೇರಿಗೆ ರಾತ್ರಿ ನೀರೆರೆದಂತೆ. ಆದುದರಿಂದ ರಮಝಾನ್‌ನಲ್ಲಿ ಬಿಡಬಯಸುವವರು ಮುಖ್ಯವಾಗಿ ಬಿಡಬೇಕಾದುದು ಇಫ್ತಾರ್‌ನ ನಂತರದ ಬೀಡಿಯನ್ನು. ಹಗಲೂ ರಾತ್ರಿಯೂ ಬಿಟ್ಟರೆ ಈದ್‌ನ ಹೊತ್ತಿಗೆ ಕಠಿಣ ವಾರಗಳು ಕಳೆದಿರುತ್ತವೆ.

ಮದೀನಾದ ಬೀದಿಗಳ ಪಾಠ

ಅರಬರು ಮದ್ಯಕ್ಕೆ ಎಷ್ಟು ದಾಸರಾಗಿದ್ದರೆಂಬುದು ಇತಿಹಾಸ ಬಲ್ಲವರಿಗೆ ಗೊತ್ತು. ಅದರಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದೆಂದು ಮೊದಲು ತಿಳಿಸಲಾಯಿತು (2:219). ಬಳಿಕ ಅಮಲಿನಲ್ಲಿ ನಮಾಝ್ ಸಮೀಪಿಸಬಾರದೆಂಬ ಆದೇಶ ಬಂತು (4:43). ಕೊನೆಗೆ ಸಂಪೂರ್ಣ ನಿಷೇಧ (5:90). ಆ ದಿನ ಹ. ಅನಸ್(ರ), ಅಬೂ ತಲ್ಹಾ(ರ)ರ ಮನೆಯಲ್ಲಿ ಅತಿಥಿಗಳಿಗೆ ಮದ್ಯ ಬಡಿಸುತ್ತಿದ್ದರು. ಬೀದಿಯಲ್ಲಿ ಘೋಷಣೆ ಕೇಳಿಸಿತು. ಅಬೂ ತಲ್ಹಾ(ರ) ಅದನ್ನು ಚೆಲ್ಲಿಬಿಡಲು ಹೇಳಿದರು. ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು (ಬುಖಾರಿ, ಮುಸ್ಲಿಮ್).

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ಅವರ ಮನಸ್ಸು ಅದಕ್ಕಾಗಿ ವರ್ಷಗಳಿಂದ ಸಜ್ಜಾಗಿತ್ತು. ಎರಡು, ನಿರ್ಧಾರದ ಗಳಿಗೆ ಬಂದಾಗ ಅವರು ಕೈಯಲ್ಲಿದ್ದುದನ್ನು ಮುಗಿಸಿ ನೋಡೋಣ ಎನ್ನಲಿಲ್ಲ, ನಾಳೆಗೆಂದು ಒಂದು ಮಡಕೆಯನ್ನು ಅಟ್ಟದಲ್ಲಿ ಇಡಲೂ ಇಲ್ಲ. ನಾವಾದರೋ ಬಿಟ್ಟೆನೆಂದು ಹೇಳಿ, "ಅಗತ್ಯ ಬಿದ್ದರೆ ಇರಲಿ" ಎಂದು ಅರ್ಧ ಕಟ್ಟನ್ನು ಬೀರುವಿನಲ್ಲಿ ಇಡುತ್ತೇವೆ. ಹಾಗೆ ಇಟ್ಟವನು ನಿಜಕ್ಕೂ ಬಿಟ್ಟಿಲ್ಲ, ಮುಂದೂಡಿದ್ದಾನೆ ಅಷ್ಟೆ.

ಸಂಕಲ್ಪ ಮತ್ತು ಭರವಸೆ

ಸಮಾಲೋಚಿಸಿ, ದೃಢ ಸಂಕಲ್ಪ ಮಾಡಿ, ಬಳಿಕ ಅಲ್ಲಾಹನ ಮೇಲೆ ಭರವಸೆ ಇಡುವುದು ಕುರ್‌ಆನ್ ಕಲಿಸುವ ಕ್ರಮ (3:159). ಸಂಕಲ್ಪವಿಲ್ಲದ ಭರವಸೆ ಸೋಮಾರಿತನ. ಭರವಸೆ ಇಲ್ಲದ ಸಂಕಲ್ಪ ಅಹಂಕಾರ.

ಒಂದು ದಿನವನ್ನು ಗೊತ್ತುಪಡಿಸಿರಿ. ಮನೆಯವರಿಗೆ ತಿಳಿಸಿರಿ. ಕಡ್ಡಿಪೆಟ್ಟಿಗೆ, ಲೈಟರ್, ಬೂದಿಬಟ್ಟಲು ಎಲ್ಲವನ್ನೂ ಮನೆಯಿಂದ ಹೊರಹಾಕಿರಿ. ಸೇದುವ ಆಸೆ ಬಂದಾಗ ಅದು ಕೆಲವೇ ನಿಮಿಷಗಳಲ್ಲಿ ತಣಿಯುತ್ತದೆಂಬುದನ್ನು ನೆನಪಿಡಿರಿ. ಆ ನಿಮಿಷಗಳಲ್ಲಿ ವುಝೂ ಮಾಡಿ, ಎರಡು ರಕಅತ್ ನಮಾಝ್ ಮಾಡಿ. ಮಿಸ್ವಾಕ್ ಬಳಸಿರಿ, ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಉಪವಾಸವಿರುವ ದಿನ ನೀರಿನ ಬದಲು ದಿಕ್ರ್ ಇದೆ.

ಹಲವು ವರ್ಷಗಳ ಚಟವಿದ್ದವರು ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು. ಔಷಧದ ಅಂಗಡಿಗಳಲ್ಲಿ ನಿಕೋಟಿನ್ ಗಮ್ ದೊರೆಯುತ್ತದೆ. ಉಪವಾಸದ ವೇಳೆ ಅದನ್ನು ಜಗಿಯುವಂತಿಲ್ಲ ಎಂಬುದು ನೆನಪಿರಲಿ. ತಂಬಾಕು ಬಿಡುವವರಿಗೆ ಸಲಹೆ ನೀಡಲು ಸರಕಾರದ ಉಚಿತ ದೂರವಾಣಿ ಸಂಖ್ಯೆಯೂ ಇದೆ: 1800-11-2356. ಇದು ತವಕ್ಕುಲ್‌ಗೆ ವಿರುದ್ಧವಲ್ಲ. ಒಂಟೆಯನ್ನು ಕಟ್ಟಿ, ಆ ಮೇಲೆ ಭರವಸೆಯಿಡಲು ಪ್ರವಾದಿ(ಸ)ರು ಕಲಿಸಿದ್ದಾರೆ (ತಿರ್ಮಿದಿ). ಆದರೆ ಬೀಡಿಯ ಬದಲು ಗುಟ್ಕಾ, ಖೈನಿ ಹಿಡಿಯುವುದು ಚಟವನ್ನು ಬಿಟ್ಟಂತಲ್ಲ. 2019ರಲ್ಲಿ ದೇಶದಲ್ಲಿ ನಿಷೇಧಿಸಲ್ಪಟ್ಟ ಇ-ಸಿಗರೇಟಿನ ಮಾತೂ ಅಷ್ಟೇ.

ಇನ್ನೊಂದು ಎಚ್ಚರಿಕೆ. ಆವೇಶದಲ್ಲಿ ಅಲ್ಲಾಹನ ಹೆಸರಿನಲ್ಲಿ ಆಣೆ ಹಾಕುವವರಿದ್ದಾರೆ. ಆಣೆ ಮುರಿದರೆ ಕಫ್ಫಾರಃ ಇದೆ: ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ ಕೊಡಬೇಕು, ಅದಕ್ಕೆ ಸಾಮರ್ಥ್ಯವಿಲ್ಲದವರು ಮೂರು ದಿನ ಉಪವಾಸ ಇರಬೇಕು (5:89). ಅವನ ಪವಿತ್ರ ನಾಮವನ್ನು ನಮ್ಮ ದೌರ್ಬಲ್ಯದೊಂದಿಗೆ ಪಣಕ್ಕಿಡುವುದಕ್ಕಿಂತ ಅವನೊಡನೆ ನೆರವು ಬೇಡುವುದು ಲೇಸು.

ಬಿಟ್ಟ ನಂತರ

ಅನ್ನಹ್ಲ್ ಅಧ್ಯಾಯದಲ್ಲಿ ಒಂದು ಉಪಮೆಯಿದೆ. ಕಷ್ಟಪಟ್ಟು ಗಟ್ಟಿಯಾದ ನೂಲು ನೂತು, ಬಳಿಕ ತಾನೇ ಅದನ್ನು ಎಳೆಎಳೆಯಾಗಿ ಬಿಚ್ಚಿಹಾಕುವ ಸ್ತ್ರೀಯ ಹಾಗೆ ಆಗಬೇಡಿರೆಂದು ಅಲ್ಲಾಹನು ಎಚ್ಚರಿಸುತ್ತಾನೆ (16:92). ಕೊಟ್ಟ ಮಾತನ್ನು ಮುರಿಯುವವರ ಬಗ್ಗೆ ಬಂದ ಈ ಉಪಮೆ, ತನಗೆ ತಾನೇ ಕೊಟ್ಟ ಮಾತನ್ನು ಮುರಿಯುವವನಿಗೂ ಪಾಠವಾಗಬಲ್ಲದು.

ನಮ್ಮ ಜಮಾಅತ್‌ನ ಹಿರಿಯರೊಬ್ಬರು ಏಳು ತಿಂಗಳು ಬಿಟ್ಟಿದ್ದರು. ಕೆಮ್ಮು ಹೋಗಿತ್ತು. ಫಜ್ರ್‌ಗೆ ಮಸೀದಿಯ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಿದ್ದರು. ಸಂಬಂಧಿಕರ ಮದುವೆಯಲ್ಲಿ ಹಳೆಯ ಗೆಳೆಯರು "ಇವತ್ತು ಒಂದೇ ಒಂದು" ಎಂದರು. ಮರುವಾರ ಅವರ ಜೇಬಿನಲ್ಲಿ ಕಟ್ಟು ಇತ್ತು. "ಉಸ್ತಾದರೇ, ಕಷ್ಟದ ದಿನಗಳಲ್ಲಿ ನಾನು ಬೀಳಲಿಲ್ಲ. ಸುಲಭವಾಯಿತು ಎಂದುಕೊಂಡಾಗ ಬಿದ್ದೆ" ಎಂದು ಅವರು ಹೇಳಿದರು. ಈ ಮಾತು ಹಲವರ ಅನುಭವವೂ ಹೌದು. ಮೊದಲ ವಾರದಲ್ಲಿ ನಾವು ಎಚ್ಚರವಾಗಿರುತ್ತೇವೆ, ದುಆ ಮಾಡುತ್ತೇವೆ. ಮೂರನೆಯ ತಿಂಗಳಲ್ಲಿ ನಮ್ಮ ಮೇಲೆ ನಮಗೇ ನಂಬಿಕೆ ಬಂದು ದುಆ ನಿಂತುಹೋಗುತ್ತದೆ. ಮದುವೆ, ಮರಣ, ಜಗಳ, ಸಾಲದ ಚಿಂತೆ, ಇವುಗಳಲ್ಲಿ ಯಾವುದು ತನ್ನನ್ನು ಕೆಡಹಬಲ್ಲದೆಂದು ಪ್ರತಿಯೊಬ್ಬನೂ ಮೊದಲೇ ಗುರುತಿಸಿ, ಆ ಗಳಿಗೆಯಲ್ಲಿ ಏನು ಹೇಳಬೇಕು, ಎಲ್ಲಿಗೆ ಎದ್ದು ಹೋಗಬೇಕು ಎಂದು ತೀರ್ಮಾನಿಸಿಡಬೇಕು.

ಸಹವಾಸದ ಬಗ್ಗೆ ಪ್ರವಾದಿ(ಸ)ರು ನೀಡಿದ ಉದಾಹರಣೆ ಪ್ರಸಿದ್ಧವಾದುದು. ಕಸ್ತೂರಿ ಮಾರುವವನ ಬಳಿ ಕುಳಿತವನಿಗೆ ಪರಿಮಳವಾದರೂ ಸಿಗುತ್ತದೆ. ತಿದಿ ಊದುವವನ ಬಳಿ ಕುಳಿತರೆ ಬಟ್ಟೆ ಸುಡುತ್ತದೆ, ಇಲ್ಲವೇ ಕೆಟ್ಟ ವಾಸನೆ ತಟ್ಟುತ್ತದೆ (ಬುಖಾರಿ, ಮುಸ್ಲಿಮ್). ಗೆಳೆಯರನ್ನು ದೂರ ಮಾಡಬೇಕೆಂದಲ್ಲ. ಆದರೆ ಕನಿಷ್ಠ ಕೆಲವು ತಿಂಗಳು ಅವರನ್ನು ಬೀಡಿ ಅಂಗಡಿಯ ಮುಂದೆ ಭೇಟಿಯಾಗುವ ಬದಲು ಮಸೀದಿಯ ಅಂಗಳದಲ್ಲಿ ಭೇಟಿಯಾಗಬಹುದಲ್ಲವೇ?

ಲಾಭವನ್ನೂ ಎಣಿಸುತ್ತಿರಬೇಕು. ಬಿಟ್ಟ 20 ನಿಮಿಷಗಳಲ್ಲೇ ಹೃದಯದ ಬಡಿತ ಇಳಿಯತೊಡಗುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸೇದುವವನಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಸುಮಾರು ಅರ್ಧವಾಗುತ್ತದೆ. ಇದು ಅಲ್ಲಾಹನು ದೇಹದಲ್ಲಿಟ್ಟಿರುವ ಕರುಣೆ. ನಾವು ಕೆಡಿಸಿದುದನ್ನು ಅದು ದುರಸ್ತಿ ಮಾಡಲು ಕಾಯುತ್ತಲೇ ಇರುತ್ತದೆ.

ಜಾರಿದರೆ?

ಶೈತಾನನ ಬಳಿ ಎರಡು ಮಾತುಗಳಿವೆ. ಬೀಳುವ ಮೊದಲು, "ಒಂದರಿಂದ ಏನಾಗುತ್ತದೆ?" ಎನ್ನುತ್ತಾನೆ. ಬಿದ್ದ ಮೇಲೆ, "ಇನ್ನೇನು ಉಳಿಯಿತು?" ಎನ್ನುತ್ತಾನೆ. ಎರಡೂ ಸುಳ್ಳು. ಮೊದಲನೆಯ ಸುಳ್ಳಿಗಿಂತ ಎರಡನೆಯದು ಹೆಚ್ಚು ಮಂದಿಯನ್ನು ಕೆಡಿಸಿದೆ. ಒಂದು ಎಳೆ ಬಿಚ್ಚಿತೆಂದು ಇಡೀ ನೂಲನ್ನು ಬಿಚ್ಚಿಹಾಕುವವರುಂಟೇ? ಎಳೆಯನ್ನು ಅಲ್ಲಿಗೇ ಗಂಟುಹಾಕಿ ಮುಂದುವರಿಯಬೇಕು.

ಅಲ್ಲಾಹನ ಕಾರುಣ್ಯದಿಂದ ನಿರಾಶರಾಗಬಾರದೆಂದು ಕುರ್‌ಆನ್ ಹೇಳುತ್ತದೆ (39:53). ತಪ್ಪು ಮಾಡಿದಾಗ ಅಲ್ಲಾಹನನ್ನು ಸ್ಮರಿಸಿ ಕ್ಷಮೆ ಬೇಡುವವರನ್ನು, ತಿಳಿದೂ ತಿಳಿದೂ ಅದರಲ್ಲೇ ಪಟ್ಟುಹಿಡಿದು ಕೂರದವರನ್ನು ಅದು ಪ್ರಶಂಸಿಸುತ್ತದೆ (3:135). ಈ ಎರಡನ್ನೂ ಜೊತೆಯಾಗಿ ಓದಬೇಕು. ಮೊದಲನೆಯದು ನಿರಾಶೆಗೆ ಮದ್ದು, ಎರಡನೆಯದು ಉದಾಸೀನತೆಗೆ. ಜಾರಿದವನು ಆ ದಿನವೇ ತೌಬಾ ಮಾಡಲಿ, ಉಳಿದ ಕಟ್ಟನ್ನು ಚೆಲ್ಲಲಿ, ಎಲ್ಲಿ ಎಡವಿದೆನೆಂದು ಗುರುತಿಸಲಿ. ಬಿಟ್ಟು ಉಳಿದವರಲ್ಲಿ ಅನೇಕರು ಒಂದಕ್ಕಿಂತ ಹೆಚ್ಚು ಸಲ ಯತ್ನಿಸಿದವರೇ.

ಮನೆಯವರೊಡನೆ ಒಂದು ಮಾತು

ಬಿಟ್ಟ ಮೊದಲ ವಾರಗಳಲ್ಲಿ ಮನೆಯ ಯಜಮಾನ ಸಿಡುಕಿದರೆ ಅದು ಚಟ ಕಳಚುವ ನೋವೆಂದು ತಿಳಿಯಿರಿ. "ನಿಮ್ಮಿಂದ ಎಲ್ಲಿ ಆಗುತ್ತದೆ" ಎಂಬ ಒಂದು ಹಂಗಿಸುವ ಮಾತು ಹತ್ತು ದಿನದ ಸಾಧನೆಯನ್ನು ಕೆಡಿಸಬಲ್ಲದು. ಮಗುವಿನ ಕೈಯಲ್ಲಿ ಅಂಗಡಿಯಿಂದ ಬೀಡಿ ತರಿಸುವ ಪದ್ಧತಿಯನ್ನಂತೂ ಇಂದೇ ನಿಲ್ಲಿಸಬೇಕು. ಅದು ಕಾನೂನಿಗೂ ವಿರುದ್ಧ. ಮಗು ನಮ್ಮ ಉಪದೇಶವನ್ನು ಕೇಳುವುದಕ್ಕಿಂತ ನಮ್ಮ ಕೈಯನ್ನು ಹೆಚ್ಚು ನೋಡುತ್ತದೆ. ಸೇದದ ಹೆಂಡತಿ ಮಕ್ಕಳ ಶ್ವಾಸಕೋಶಕ್ಕೂ ಆ ಹೊಗೆ ಹೋಗುತ್ತದೆ.

ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಸಾವಿರಾರು ತಾಯಂದಿರಿದ್ದಾರೆ. ಅವರ ದುಡಿಮೆಯನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ತಂಬಾಕಿನ ಧೂಳು ಕುಡಿದು ಅವರು ಮನೆಯನ್ನು ನಡೆಸಿದ್ದಾರೆ. ಅಂಥ ತಾಯಿಯ ಮಗ, ಅವಳ ಬೆರಳು ಸವೆಸಿದ ಹಣದಿಂದ ಓದಿ ಉದ್ಯೋಗ ಹಿಡಿದು, ತನ್ನ ಸಂಬಳವನ್ನು ಹೊಗೆಯಾಗಿಸುವುದು ಎಂಥ ಪ್ರತ್ಯುಪಕಾರ? ಅವಳಿಗೆ ಬೇರೆ ಕಸುಬಿನ ದಾರಿ ತೋರುವುದು ನಮ್ಮ ಜಮಾಅತ್‌ಗಳ ಹೊಣೆಯೂ ಹೌದು.

ಸಹೋದರರೇ, ಕರ್ಮಗಳಲ್ಲಿ ಅಲ್ಲಾಹನಿಗೆ ಅತ್ಯಂತ ಪ್ರಿಯವಾದುದು, ಅಲ್ಪವಾದರೂ ನಿರಂತರವಾದುದು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಜೀವಮಾನವಿಡೀ ಬಿಟ್ಟಿರಬೇಕು ಎಂದು ಯೋಚಿಸಿದರೆ ಎದೆ ಕುಸಿಯಬಹುದು. ಆದುದರಿಂದ ಫಜ್ರ್ ನಮಾಝ್‌ನ ಬಳಿಕ ಆ ಒಂದು ದಿನದ ಸಂಕಲ್ಪ ಮಾಡಿ, ಇಶಾದ ಬಳಿಕ ಆ ಒಂದು ದಿನಕ್ಕಾಗಿ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿರಿ. ದಿನಗಳೇ ಕೂಡಿ ಜೀವಮಾನವಾಗುತ್ತದೆ. ನಮ್ಮನ್ನು ಸರಿದಾರಿಗೆ ತಂದ ಬಳಿಕ ನಮ್ಮ ಹೃದಯಗಳನ್ನು ಅಲ್ಲಾಹನು ಅದರಲ್ಲೇ ಸ್ಥಿರಗೊಳಿಸಲಿ. ಆಮೀನ್.