ಪ್ಲಾಟು, ಗಟಾರ, ಅಭಿವೃದ್ಧಿ ಶುಲ್ಕ

ಹೊಸ ಮನೆ ಕಟ್ಟಲು ಪರವಾನಗಿ ಬೇಕೆಂದು ಪುರಸಭೆಗೆ ಹೋದವರು ಚಲನ್ ನೋಡಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ಸೆಸ್, ನಳದ ಜೋಡಣೆ ಎಂದು ಒಂದರ ಕೆಳಗೊಂದು ಬಾಬತ್ತು. "ವರ್ಷಾ ಮನಿ ಪಟ್ಟಿ ತುಂಬತೇವಲ್ರೀ, ಮತ್ತ ಇದ್ಯಾಕ?" ಎಂಬುದು ನಮ್ಮ ಕಡೆಯವರ ಮೊದಲ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಸ್ವಲ್ಪ ಉದ್ದ.

ಮನೆ ಪಟ್ಟಿ, ಅಂದರೆ ಆಸ್ತಿ ತೆರಿಗೆ, ಊರು ದಿನನಿತ್ಯ ನಡೆಯುವ ಖರ್ಚಿಗೆ. ಕಸ ಎತ್ತಬೇಕು, ಬೀದಿ ದೀಪ ಉರಿಯಬೇಕು, ಒಡೆದ ಪೈಪು ಕೂಡಿಸಬೇಕು. ಅಭಿವೃದ್ಧಿ ಶುಲ್ಕ ಇನ್ನೂ ಇಲ್ಲದ್ದನ್ನು ಮಾಡುವುದಕ್ಕೆ. ಬೆಳಗಾವಿ ಜಿಲ್ಲೆಯ ಮುನವಳ್ಳಿಯನ್ನೇ ತೆಗೆದುಕೊಳ್ಳಿ. ಮಲಪ್ರಭೆಯ ದಂಡೆ, ಕೋಟೆ, ಪಂಚಲಿಂಗೇಶ್ವರ ಗುಡಿ, ಇವುಗಳ ಸುತ್ತ ಬೆಳೆದ ಹಳೆಯ ಊರು. ಮೊದಲು ಗ್ರಾಮ ಪಂಚಾಯ್ತಿ, ಈಗ ಪುರಸಭೆ. ಇಂಥ ಊರಿನ ಹೊರಗೆ ಜೋಳ ಬೆಳೆಯುತ್ತಿದ್ದ ಹೊಲ ಪ್ಲಾಟುಗಳಾದರೆ ನೀರಿನ ದೊಡ್ಡ ಪೈಪು ಅಲ್ಲಿಯತನಕ ಹೋಗಬೇಕು, ಟಾಕಿ ಸಾಲದಾದರೆ ಇನ್ನೊಂದು ಟಾಕಿ ಏಳಬೇಕು, ಅಲ್ಲಿನ ಗಟಾರದ ನೀರು ಎಲ್ಲಿಗಾದರೂ ಸೇರಬೇಕು. ಈ ಖರ್ಚನ್ನು ಹೊರುವವರು ಮೂವರೇ: ಪೇಟೆಯೊಳಗಿನ ಹಳೆಯ ಮನೆಗಳವರು, ಅನುದಾನ ಕೊಡುವ ಸರ್ಕಾರ, ಇಲ್ಲವೆ ಹೊಲವನ್ನು ಪ್ಲಾಟು ಮಾಡಿ ಲಾಭ ಕಂಡವರು. ಮೂರನೆಯವರೂ ಒಂದು ಪಾಲು ಕೊಡಲಿ ಎನ್ನುವುದೇ ಈ ಶುಲ್ಕದ ಹಿಂದಿನ ವಿಚಾರ.

ವಿಚಾರ ಹೊಸದೇನಲ್ಲ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1915ರಲ್ಲೇ ನಗರ ಯೋಜನಾ ಕಾಯ್ದೆ ಬಂದಿತ್ತು. ದೇಶದಲ್ಲೇ ಅದು ಮೊದಲನೆಯದು. ಯೋಜನೆಯಿಂದ ಜಮೀನಿನ ಬೆಲೆ ಏರಿದರೆ ಆ ಏರಿಕೆಯಲ್ಲಿ ಒಂದು ಭಾಗವನ್ನು ಮಾಲೀಕ ಊರಿಗೆ ಕೊಡಬೇಕು ಎಂಬ ಮಾತು ಅದರಲ್ಲಿತ್ತು. ರಸ್ತೆ ಮಾಡಿದ್ದು ಊರು, ಬೆಲೆ ಏರಿದ್ದು ಒಬ್ಬನ ಹೊಲಕ್ಕೆ. ಹಾಗಾದರೆ ಆ ಏರಿಕೆ ಪೂರ್ತಿ ಅವನದೇ ಹೇಗಾದೀತು?

ಇಂದು ನಮಗೆ ಅನ್ವಯಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಲ್ಲಿ ಹೊಸಬರು ನೆನಪಿಡಬೇಕಾದ ಕಲಮುಗಳು ಮೂರು.

17ನೆಯದು ಲೇಔಟಿನ ಕಲಮು. ಜಮೀನು ಎನ್‌ಎ ಆದರೆ ಸಾಕು, ಪ್ಲಾಟು ಹಾಕಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಎನ್‌ಎ ಎಂದರೆ ಕಂದಾಯ ಕಾಯ್ದೆಯ 95ನೇ ಕಲಮಿನ ಭೂ ಪರಿವರ್ತನೆ. ಅದು ಮೊದಲ ಮೆಟ್ಟಿಲು. ಅದಾದ ಮೇಲೆ ನಕ್ಷೆಗೆ ಮಂಜೂರಾತಿ ಬೇಕು. ಉದ್ಯಾನಕ್ಕೆ, ರಸ್ತೆಗೆ, ಶಾಲೆ, ದವಾಖಾನೆಯಂಥ ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು. ಲೇಔಟಿನೊಳಗಿನ ರಸ್ತೆ, ಗಟಾರ, ದೀಪದ ಕಂಬ, ನೀರಿನ ಪೈಪನ್ನು ಲೇಔಟ್ ಮಾಡುವವರೇ ಹಾಕಿಸಿ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಕೆಲಸ ಮುಗಿದಂತೆ ಪ್ಲಾಟುಗಳನ್ನು ಕಂತಿನಲ್ಲಿ ಮಾರಾಟಕ್ಕೆ ಬಿಡುವ ಪದ್ಧತಿ ಇರುವುದು ಇದಕ್ಕೇ. ಎಲ್ಲ ಒಮ್ಮೆಲೇ ಮಾರಿ ಹೋದರೆ ಆಮೇಲೆ ಗಟಾರ ತೋಡುವವರು ಯಾರು?

18ನೇ ಕಲಮು ಬಳಕೆ ಬದಲಾವಣೆಯದು. ಮನೆ ಇದ್ದಲ್ಲಿ ಅಂಗಡಿ ಸಾಲು, ಹೊಲ ಇದ್ದಲ್ಲಿ ಮನೆ, ಹೀಗೆ ಹೆಚ್ಚು ಆದಾಯ ತರುವ ಬಳಕೆಗೆ ಅನುಮತಿ ಕೊಟ್ಟಾಗ ಯೋಜನಾ ಪ್ರಾಧಿಕಾರ ಶುಲ್ಕ ವಿಧಿಸಬಹುದು. ಮಿತಿ, ಅಂದಾಜು ಮೌಲ್ಯ ಏರಿಕೆಯ ಮೂರನೇ ಒಂದು ಭಾಗ. ಲೆಕ್ಕಕ್ಕೆಂದು ಹೇಳುವುದಾದರೆ, 20 ಲಕ್ಷದ ಜಾಗ ಅನುಮತಿಯಿಂದ 50 ಲಕ್ಷದ್ದಾದರೆ ಏರಿಕೆ 30 ಲಕ್ಷ. ಶುಲ್ಕ 10 ಲಕ್ಷ ದಾಟುವಂತಿಲ್ಲ. ಇದು ಮೇಲಿನ ಮಿತಿಯಷ್ಟೇ, ನಿಜವಾದ ದರ ನಿಯಮಗಳಲ್ಲಿರುತ್ತದೆ.

18-ಎ ಆಮೇಲೆ ಸೇರಿದ್ದು. ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆ ಎಂಬ ನಾಲ್ಕು ಕೆಲಸಗಳಿಗೆ ಸೆಸ್ಸು, ಸರ್ಚಾರ್ಜು ಹಾಕಲು ಇದು ಅವಕಾಶ ಕೊಡುತ್ತದೆ. ಆಸ್ತಿಯ ಮಾರುಕಟ್ಟೆ ಮೌಲ್ಯದ ಹತ್ತನೇ ಒಂದು ಭಾಗ ಮೀರುವಂತಿಲ್ಲ. ಬರೆದವರ ಕಣ್ಣು ಬೆಂಗಳೂರಿನ ಮೇಲಿತ್ತು ಎಂದು ಓದಿದರೇ ತಿಳಿಯುತ್ತದೆ. ಮುನವಳ್ಳಿಗೆ ಮೆಟ್ರೋ ಸದ್ಯಕ್ಕಂತೂ ಬರುವುದಿಲ್ಲ. ನೀರಿನ ಮಾತು ಮಾತ್ರ ನಮಗೂ ತಾಗುತ್ತದೆ.

ಈಗ ಒಂದು ಎಕರೆಯ ಲೆಕ್ಕ ಮಾಡೋಣ. ಎಕರೆಗೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಉದ್ಯಾನ, ಸೌಲಭ್ಯದ ಜಾಗ ಕಳೆದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶೇಕಡಾ 55, ಮಾರಲು ಉಳಿಯಿತು ಎನ್ನಿ. ಅದರಲ್ಲಿ 30-40ರ ಪ್ಲಾಟುಗಳು ಸುಮಾರು 20 ಆಗುತ್ತವೆ. ಅದೇ ಎಕರೆಯನ್ನು ಮಂಜೂರಾತಿಯ ಗೊಡವೆಯೇ ಇಲ್ಲದೆ, ನಡುವೆ ಒಂದು ಚಕ್ಕಡಿ ಹೋಗುವಷ್ಟು ದಾರಿ ಬಿಟ್ಟು ಗುಂಟೆ ಲೆಕ್ಕದಲ್ಲಿ ಬಾಂಡ್ ಮೇಲೆ ಬರೆದುಕೊಟ್ಟರೆ 33, 34 ಪ್ಲಾಟು. ಹೆಚ್ಚಿನ ಹದಿಮೂರು, ಹದಿನಾಲ್ಕು ಪ್ಲಾಟಿನ ದುಡ್ಡು ಮಾರಿದವರಿಗೆ. ಕೊಂಡವರಿಗೂ ಅಗ್ಗವೆಂದೇ ಕಾಣುತ್ತದೆ, ಮೊದಲ ಮಳೆಗಾಲದವರೆಗೆ. ಆಮೇಲೆ ರಸ್ತೆ ಬೇಕು, ನಳ ಬೇಕು ಎಂದು ಅರ್ಜಿ ಹಿಡಿದು ಪುರಸಭೆಗೆ ಬರುವವರು ಅವರೇ. ಅವರ ಬೇಡಿಕೆ ತಪ್ಪಲ್ಲ, ನೀರಿಲ್ಲದೆ ಮನುಷ್ಯ ಬದುಕುವುದಿಲ್ಲ. ಆದರೆ ಆ ರಸ್ತೆಯ ದುಡ್ಡು ಅಲ್ಲಿಂದ ಬಂದಿಲ್ಲ. ಹಳೆಯ ಓಣಿಯ ಗಟಾರಕ್ಕೆಂದು ಇಟ್ಟಿದ್ದು ಅತ್ತ ಹೋಗುತ್ತದೆ. ಅಭಿವೃದ್ಧಿ ಶುಲ್ಕ ತಪ್ಪಿಸಿದವರ ಪಾಲನ್ನು ಬೇರೆಯವರು ತುಂಬುವುದು ಹೀಗೆ, ಅವರಿಗೆ ಗೊತ್ತೂ ಆಗದಂತೆ.

ಇಂಥ ಪ್ಲಾಟುಗಳಿಗೆ 2025ರಲ್ಲಿ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ಬಿ ಖಾತಾದಿಂದ ಆಸ್ತಿ ತೆರಿಗೆ ಕಟ್ಟಬಹುದು. ಬಡಾವಣೆ ಸಕ್ರಮವಾಯಿತು ಎಂದಲ್ಲ. ಅಕ್ರಮ-ಸಕ್ರಮ ಯೋಜನೆ ಬೇರೆ, ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಎರಡನ್ನೂ ಕಲಸಿ ಹೇಳುವ ದಲಾಲರ ಮಾತಿಗೆ ಮುಂಗಡ ಕೊಡಬೇಡಿ.

ಚಲನ್ನಿನಲ್ಲಿರುವ ಎಲ್ಲ ಬಾಬತ್ತೂ ಊರಿಗೆ ಉಳಿಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಟ್ಟಡ ವೆಚ್ಚದ ಶೇಕಡಾ 1ರ ಕಾರ್ಮಿಕ ಸೆಸ್ಸು 1996ರ ಕೇಂದ್ರ ಕಾಯ್ದೆಯಿಂದ ಬಂದದ್ದು. ಗೌಂಡಿಗಳು, ಕೂಲಿಯವರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಸ್ವಂತಕ್ಕೆ ಕಟ್ಟುವ, ಕಾನೂನು ಹೇಳಿದ ವೆಚ್ಚದ ಮಿತಿ ಮೀರದ ಮನೆಗೆ ಅದಿಲ್ಲ. ಮನೆ ಪಟ್ಟಿಯ ಜೊತೆ ಬರುವ ಗ್ರಂಥಾಲಯ ಸೆಸ್ಸು ಗ್ರಂಥಾಲಯಗಳಿಗೆ. ಇವುಗಳಿಂದ ನಿಮ್ಮ ಓಣಿಯ ರಸ್ತೆ ಆಗಬೇಕೆಂದು ಕೇಳಿ ಪ್ರಯೋಜನವಿಲ್ಲ.

ಬೇಕೆನಿಸಿದಷ್ಟು ವಸೂಲಿ ಮಾಡಬಹುದೇ? ಇಲ್ಲ. ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಬೆಂಗಳೂರಿನಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳಿಂದ ಕಾವೇರಿ ನೀರಿನ ಯೋಜನೆಗೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಣ ಕೇಳಿದಾಗ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಡಾವಣೆ ಮಾಡುವವರಿಂದ ಇಂಥ ಸೌಲಭ್ಯಗಳ ಖರ್ಚಿನ ಪಾಲು ಕೇಳಲು ಅವಕಾಶ ಕೊಡುವ ಬಿಡಿಎ ಕಾಯ್ದೆಯ ಕಲಮನ್ನು 2012ರಲ್ಲಿ ಕೋರ್ಟ್ ಎತ್ತಿಹಿಡಿಯಿತು. ಕಾಯ್ದೆಯಲ್ಲಿ ಕಲಮು ಇದ್ದದ್ದರಿಂದ ಆ ಮಾತು ನಿಂತಿತು ಎಂಬುದನ್ನು ಗಮನಿಸಿ.

ನನಗೆ ಇಷ್ಟವಾದ ಒಂದು ಏರ್ಪಾಡು ಇಂಗ್ಲೆಂಡಿನದು. ಅಲ್ಲಿ 2010ರಿಂದ ಹೊಸ ಕಟ್ಟಡಗಳ ಮೇಲೆ ಚದರ ಮೀಟರ್ ಲೆಕ್ಕದಲ್ಲಿ ಸಮುದಾಯ ಸೌಕರ್ಯದ ಸುಂಕವಿದೆ. ಹಾಕಲೇಬೇಕೆಂದಿಲ್ಲ; ಹಾಕುವ ಕೌನ್ಸಿಲ್ ಮೊದಲೇ ದರಪಟ್ಟಿ ಪ್ರಕಟಿಸಬೇಕು. ಬಂದ ಹಣದಲ್ಲಿ ಶೇಕಡಾ 15, ಕಟ್ಟಡ ಎದ್ದ ಜಾಗದ ಪ್ಯಾರಿಷ್ ಕೌನ್ಸಿಲಿಗೆ ಹೋಗುತ್ತದೆ. ಅದು ನಮ್ಮ ಗ್ರಾಮ ಪಂಚಾಯ್ತಿಯಂಥ ಸಂಸ್ಥೆ. ಆ ಜನ ತಮ್ಮದೇ ನೆರೆಹೊರೆ ಯೋಜನೆ ಮಾಡಿಕೊಂಡಿದ್ದರೆ ಪಾಲು ಶೇಕಡಾ 25. ದುಡ್ಡು ಎಲ್ಲಿ ಹುಟ್ಟಿತೋ ಅಲ್ಲಿಗೆ ಒಂದು ಭಾಗ ಮರಳುವುದು ಅಲ್ಲಿ ಕಾನೂನೇ. ನಮ್ಮಲ್ಲೂ ಇಂಥದ್ದು ಬರಬೇಕೆಂದು ನನ್ನ ಅಭಿಪ್ರಾಯ. ಬರುವವರೆಗೆ ಕೊಟ್ಟವರೇ ಕೇಳಬೇಕು.

ಕೇಳುವುದು ಹೇಗೆ? ದುಡ್ಡು ತುಂಬಿದ ಪಾವತಿಯಲ್ಲಿ ಬಾಬತ್ತು ಬಿಡಿಸಿ ಬರೆದಿದೆಯೇ ನೋಡಿ. ಒಟ್ಟು ಮೊತ್ತ ಒಂದೇ ಇದ್ದರೆ ಬಿಡಿಸಿ ಕೊಡಲು ಹೇಳಿ. ಪುರಸಭೆಗಳು ವರ್ಷವರ್ಷ ಬಜೆಟ್ ಮಂಡಿಸಬೇಕು, ಅದರಲ್ಲಿ ಅಭಿವೃದ್ಧಿ ಶುಲ್ಕದ ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ ಸಿಗಬೇಕು. ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಎರಡೇ ಮಾತು ಕೇಳಿ: ಕಳೆದ ಮೂರು ವರ್ಷ ಈ ಬಾಬತ್ತಿನಲ್ಲಿ ಬಂದದ್ದೆಷ್ಟು, ಯಾವ ವಾರ್ಡಿನ ಯಾವ ಕೆಲಸಕ್ಕೆ ಹೋಯಿತು? ಉತ್ತರಕ್ಕೆ 30 ದಿನದ ಗಡುವಿದೆ.