ಹಗುರವಾದ ಚಕ್ರದ ಲೆಕ್ಕ

ರಸ್ತೆಯಲ್ಲಿ ವೇಗವಾಗಿ ಓಡಿಸಲೆಂದೇ ನಿರ್ಮಿಸಿದ ಬೈಸಿಕಲ್ಲನ್ನು ಕೊಂಡವರು ಕೆಲವೇ ತಿಂಗಳಲ್ಲಿ ಅದರ ಚಕ್ರಗಳನ್ನು ಬದಲಾಯಿಸಲು ಹಂಬಲಿಸುವರು. ಅಂಗಡಿಯವನು ಹೊಸ ಚಕ್ರವನ್ನು ಕೈಗಿತ್ತು, 'ಎತ್ತಿ ನೋಡಿ, ಸ್ವಾಮಿ' ಎನ್ನುವನು. ಕೈಗೆ ಹಗುರವೆನಿಸಿದ್ದು ಕಾಲಿಗೂ ಅಷ್ಟೇ ಹಗುರವೇ? ಲೆಕ್ಕ ಹಾಕಿ ನೋಡೋಣ.

ರಿಮ್ಮಿನಲ್ಲಿರುವ ದ್ರವ್ಯವು ಗಾಡಿಯೊಡನೆ ಮುಂದೆ ಸಾಗುವುದಲ್ಲದೆ ತಿರುಗಲೂ ಬೇಕಾಗಿರುವುದರಿಂದ, ವೇಗವನ್ನು ಏರಿಸುವಾಗ ಅದು ಎರಡರಷ್ಟು ಶಕ್ತಿಯನ್ನು ಬೇಡುತ್ತದೆ. ಎರಡು ರಿಮ್ಮುಗಳೂ ಸೇರಿ 400 ಗ್ರಾಂ ಕಡಮೆಯಾಯಿತೆನ್ನೋಣ. ಗಂಟೆಗೆ 36 ಕಿಲೋಮೀಟರ್ ವೇಗಕ್ಕೇರುವಾಗ ಉಳಿತಾಯ 40 ಜೂಲ್. ಸವಾರನೂ ಗಾಡಿಯೂ ಸೇರಿ 80 ಕಿಲೋಗ್ರಾಂ ಇದ್ದರೆ ಒಟ್ಟು ಬೇಕಾದುದು ಸುಮಾರು 4,000 ಜೂಲ್! ಒಂದೇ ವೇಗದಲ್ಲಿ ಬೆಟ್ಟವನ್ನೇರುವಾಗಲಂತೂ ಎರಡರಷ್ಟೆಂಬ ಮಾತೇ ಇಲ್ಲ. ಗುರುತ್ವಕ್ಕೆ ಚಕ್ರದ ತೂಕವೂ ಒಂದೇ, ನೀರಿನ ಸೀಸೆಯ ತೂಕವೂ ಒಂದೇ. ನಂದಿಬೆಟ್ಟವನ್ನು 40 ನಿಮಿಷದಲ್ಲಿ ಏರುವವನಿಗೆ ಉಳಿಯುವುದು ಹೆಚ್ಚೆಂದರೆ 12 ಸೆಕೆಂಡು.

ಸಮನೆಲದಲ್ಲಿ ನಿಜವಾದ ಎದುರಾಳಿ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ಎಂಟು ಮಡಿಯಾಗುವುದು. ಅದರಲ್ಲಿಯೂ ಉರುಳುವ ಚಕ್ರದ ನೆತ್ತಿಯು ಗಾಡಿಯ ಎರಡರಷ್ಟು ವೇಗದಲ್ಲಿ ಮುನ್ನುಗ್ಗುತ್ತಿರುತ್ತದೆ. 36 ಕಿಲೋಮೀಟರಿನ ಓಟದಲ್ಲಿ ಮೇಲಿನ ಸ್ಪೋಕುಗಳ ತುದಿ 72ಕ್ಕೆ ಸಮೀಪದ ವೇಗದಿಂದ ಗಾಳಿಯನ್ನು ಕಡೆಯುತ್ತದೆ. ಆದುದರಿಂದಲೇ ಸ್ಪೋಕುಗಳನ್ನು ಕಡಮೆ ಮಾಡಿ ರಿಮ್ಮನ್ನು 40–50 ಮಿಲಿಮೀಟರ್ ಆಳಕ್ಕೆ ಬೆಳೆಸಿದ ಚಕ್ರವು ತುಸು ಭಾರವಾದರೂ ಬಯಲಿನಲ್ಲಿ ಮುಂದಾಗುತ್ತದೆ. ಅಡ್ಡಗಾಳಿ ಬೀಸಿದಾಗ ಮಾತ್ರ ಅದೇ ರಿಮ್ಮು ಹಾಯಿಯಂತಾಗಿ ಮುಂದಿನ ಚಕ್ರವನ್ನು ಪಕ್ಕಕ್ಕೆ ತಳ್ಳುವುದು. ಹೆದ್ದಾರಿಯಲ್ಲಿ ಲಾರಿ ಹಾದುಹೋದಾಗ ಹ್ಯಾಂಡಲನ್ನು ಬಿಗಿಹಿಡಿದವರು ಇದನ್ನು ಬಲ್ಲರು.

ಇಳಿಜಾರಿನ ಮಾತು ಇನ್ನೂ ಮುಖ್ಯ. 80 ಕಿಲೋಗ್ರಾಂ ಭಾರವು 100 ಮೀಟರ್ ಕೆಳಗಿಳಿಯುವಾಗ ಸುಮಾರು 78,000 ಜೂಲ್ ಶಕ್ತಿ ಬಿಡುಗಡೆಯಾಗುವುದು. ರಿಮ್ಮನ್ನು ಒತ್ತುವ ಬ್ರೇಕನ್ನು ಹಿಡಿದುಕೊಂಡೇ ನಿಧಾನವಾಗಿ ಇಳಿದರೆ ಅದರ ಬಹುಪಾಲು ಶಾಖವಾಗಿ ರಿಮ್ಮನ್ನು ಸೇರುತ್ತದೆ. ಅಲ್ಯೂಮಿನಿಯಂ ಅದನ್ನು ಬೇಗ ಗಾಳಿಗೆ ಬಿಟ್ಟುಕೊಡುವುದು. ಕಾರ್ಬನ್ ಎಳೆಗಳನ್ನು ರಾಳದಿಂದ ಬೆಸೆದ ರಿಮ್ಮಿಗೆ ಆ ಗುಣವಿಲ್ಲ. ರಾಳ ಮೆತ್ತಗಾಗಿ ರಿಮ್ಮು ಉಬ್ಬಿದರೆ ಪ್ರಾಣಕ್ಕೇ ಅಪಾಯ. ಡಿಸ್ಕ್ ಬ್ರೇಕಿನ ಗಾಡಿಗಳಲ್ಲಿ ಶಾಖವು ಬೇರೆ ತಟ್ಟೆಗೆ ಹೋಗುವುದರಿಂದ ಈ ಚಿಂತೆಯಿಲ್ಲ. ಉಳಿದವರು, ಬೆಟ್ಟದ ಹಾದಿಯ ಹವ್ಯಾಸವಿದ್ದರೆ, ಅಲ್ಯೂಮಿನಿಯಂ ರಿಮ್ಮನ್ನೇ ಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಹಣ ಕೊಡುವ ಮುನ್ನ ಹಿಂದಿನ ಹಬ್ಬಿನ ಅಗಲವನ್ನು ಅಳೆದುಕೊಳ್ಳಬೇಕು. ರಿಮ್ ಬ್ರೇಕಿನ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 130 ಮಿಲಿಮೀಟರ್, ಇಂದಿನ ಡಿಸ್ಕ್ ಬ್ರೇಕಿನವುಗಳಲ್ಲಿ 142. ಒಂದರದು ಇನ್ನೊಂದಕ್ಕೆ ಕೂಡದು. ಕೈಯಲ್ಲಿ ಹಣ ಸಾಲದಿದ್ದರೆ ಮೊದಲು ಒಳ್ಳೆಯ ಮೃದು ಟೈರುಗಳನ್ನು ಹಾಕಿಸಿ ನೋಡಬಹುದು. ಉರುಳುವಾಗ ಅವು ಬಾಗಿ ನಿಮಿರುವುದರಲ್ಲಿ ಪೋಲಾಗುವ ಶಕ್ತಿ ಕಡಮೆ. ಬೆಲೆಯೂ ಚಕ್ರಗಳ ಬೆಲೆಯ ಒಂದು ಅಂಶ ಮಾತ್ರ.