ಲಿಪಿಗೊಂದು ಕೀಲಿಮಣೆ

ಕನ್ನಡ ನುಡಿಯ ಇತಿಹಾಸದಲ್ಲಿ ಗದಗ ಸೀಮೆಗೆ ವಿಶಿಷ್ಟವಾದ ಸ್ಥಾನವಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸಿದೆ. ಅವುಗಳಲ್ಲಿ ಪುಲಿಗೆರೆ ಎಂಬುದು ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಗುಡಿ ಬಸದಿಗಳ ಶಾಸನಗಳಲ್ಲಿ ಹಳೆಯ ಕಾಲದ ಕನ್ನಡ ಅಕ್ಷರಗಳನ್ನು ಇಂದಿಗೂ ಕಾಣಬಹುದು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಪರಂಪರೆ ಹೇಳುತ್ತದೆ. ಮುಂದೆ ಇದೇ ಗದಗ-ಬೆಟಗೇರಿ ಅವಳಿ ಊರು ನೇಯ್ಗೆಯ ಮಗ್ಗಗಳಿಗೆ ಹೇಗೋ ಹಾಗೆ ಅಚ್ಚುಕೂಟಗಳಿಗೂ ಹೆಸರಾಯಿತು. ಹೀಗೆ ಕಲ್ಲು, ತಾಳೆಯೋಲೆ, ಕಾಗದ ಎಂಬ ಮೂರು ನೆಲೆಗಳಲ್ಲಿ ಕನ್ನಡದ ಅಕ್ಷರವು ಈ ನೆಲದಲ್ಲಿ ನಡೆದು ಬಂದಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಾಲ್ಕನೆಯದೊಂದು ನೆಲೆ ಒದಗಿತು. ಅದೇ ಗಣಕಯಂತ್ರ. ಇಂದು ಶಿರಹಟ್ಟಿಯ ರೈತನು ತನ್ನ ಹೊಲದ ಪಹಣಿಯನ್ನು ಕನ್ನಡದಲ್ಲಿಯೇ ಪಡೆಯುತ್ತಾನೆ. ಮುಂಡರಗಿಯ ಶಾಲಾ ಬಾಲಕಿ ತನ್ನ ಪ್ರಬಂಧವನ್ನು ಗಣಕದ ಪರದೆಯ ಮೇಲೆ ಕನ್ನಡದಲ್ಲಿಯೇ ಬರೆಯಬಲ್ಲಳು. ಇದು ತಾನಾಗಿ ಆದ ಕಾರ್ಯವಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ನಿರ್ಮಿತವಾದ ಯಂತ್ರಕ್ಕೆ ಕನ್ನಡವನ್ನು ಕಲಿಸಲು ಹಲವರು ದುಡಿದರು. ಅವರಲ್ಲಿ ಅಗ್ರಗಣ್ಯರಾದವರು ಕೆ. ಪಿ. ರಾವ್, ಎಂದರೆ ಕಿನ್ನಿಕಂಬಳ ಪದ್ಮನಾಭ ರಾವ್.

ಪದ್ಮನಾಭ ರಾಯರು ಹುಟ್ಟಿದ್ದು 1940ರ ಫೆಬ್ರುವರಿ 29ರಂದು, ಮಂಗಳೂರಿಗೆ ಸಮೀಪದ ಕಿನ್ನಿಕಂಬಳ ಎಂಬ ಹಳ್ಳಿಯಲ್ಲಿ. ತುಳು ಮಾತಿನಲ್ಲಿ 'ಕಿನ್ನಿ' ಎಂದರೆ ಚಿಕ್ಕದು. ಚಿಕ್ಕ ಊರಿನಲ್ಲಿ, ನಾಲ್ಕು ವರ್ಷಗಳಿಗೊಮ್ಮೆ ಬರುವ ದಿನದಂದು ಹುಟ್ಟಿದ ಈ ಬಾಲಕ ವಿಜ್ಞಾನದಲ್ಲಿ ಪದವಿ ಪಡೆದು, ಉದ್ಯೋಗಕ್ಕಾಗಿ ಬೊಂಬಾಯಿಗೆ ತೆರಳಿದರು. ಸ್ವತಂತ್ರ ಭಾರತದ ವಿಜ್ಞಾನವು ಆಗ ಆ ನಗರದಲ್ಲಿ ಚಿಗುರೊಡೆಯುತ್ತಿತ್ತು. ಹೋಮಿ ಭಾಭಾ ಅವರು 1945ರಲ್ಲಿ ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 'ಟಿಫ್ರ್ಯಾಕ್' ಎಂಬ ಗಣಕಯಂತ್ರವನ್ನು ನಮ್ಮವರೇ ನಿರ್ಮಿಸಿದರು. 1960ರಲ್ಲಿ ಅದು ಪೂರ್ಣವಾಗಿ ಕೆಲಸ ಮಾಡತೊಡಗಿತು. ಇಂತಹ ವಾತಾವರಣದಲ್ಲಿ, ಪರಮಾಣು ವಿಜ್ಞಾನದ ಕ್ಷೇತ್ರದಲ್ಲಿ, ರಾಯರ ವೃತ್ತಿಜೀವನ ಆರಂಭವಾಯಿತು.

ಅಂದಿನ ಆ ಸಂಸ್ಥೆಯಲ್ಲಿ ಒಂದು ವಿಶೇಷವಿತ್ತು. ಅಲ್ಲಿ 1962ರವರೆಗೆ ಇದ್ದ ಡಿ. ಡಿ. ಕೊಸಾಂಬಿಯವರು ವೃತ್ತಿಯಿಂದ ಗಣಿತಜ್ಞರು. ಆದರೆ ಪ್ರಾಚೀನ ನಾಣ್ಯಗಳನ್ನು ತೂಗಿ, ಅವುಗಳ ಸವೆತವನ್ನು ಲೆಕ್ಕ ಹಾಕಿ, ಅದರಿಂದ ಇತಿಹಾಸವನ್ನು ಬಿಡಿಸುತ್ತಿದ್ದರು. ಪ್ರಾಚೀನ ಲಿಪಿಗಳ ಅಧ್ಯಯನಕ್ಕೂ ಅಲ್ಲಿಯ ಗಣಕಯಂತ್ರ ನೆರವಾಯಿತು. ಐರಾವತಂ ಮಹಾದೇವನ್ ಅವರು ಸಿಂಧೂ ಲಿಪಿಯ ಚಿಹ್ನೆಗಳನ್ನೆಲ್ಲ ಅಲ್ಲಿ ವಿಂಗಡಿಸಿ, 1977ರಲ್ಲಿ ಅವುಗಳ ಅನುಕ್ರಮಣಿಕೆಯನ್ನು ಪ್ರಕಟಿಸಿದರು. ವಿಜ್ಞಾನ ಬೇರೆ, ವಿದ್ಯೆ ಬೇರೆ ಎಂಬ ಗೋಡೆ ಅಲ್ಲಿರಲಿಲ್ಲ. ರಾಯರಿಗೂ ಸಿಂಧೂ ಲಿಪಿಯಲ್ಲಿ, ಪಾಣಿನಿಯ ವ್ಯಾಕರಣದಲ್ಲಿ, ಭಾರತೀಯ ಲಿಪಿಗಳ ಬೆಳವಣಿಗೆಯಲ್ಲಿ ತೀವ್ರವಾದ ಆಸಕ್ತಿಯಿತ್ತು. ಹಗಲಿನ ಕೆಲಸಕ್ಕೂ ಈ ಹವ್ಯಾಸಗಳಿಗೂ ಮೇಲುನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಮುಂದೆ ಈ ಹವ್ಯಾಸಗಳೇ ಅವರ ಬದುಕಿನ ಮುಖ್ಯ ಸಾಧನೆಗೆ ಅಡಿಪಾಯವಾದವು.

ಸ್ವಲ್ಪ ಕಾಲದ ಅನಂತರ ರಾಯರು ವೃತ್ತಿಯನ್ನು ಬದಲಿಸಿ ಟಾಟಾ ಪ್ರೆಸ್ಸನ್ನು ಸೇರಿದರು. ಪರಮಾಣುವಿನ ಕ್ಷೇತ್ರದಿಂದ ಅಚ್ಚುಕೂಟಕ್ಕೆ ಬರುವುದು ಹಲವರಿಗೆ ಹಿನ್ನಡೆಯೆಂದು ತೋರಬಹುದು. ಆದರೆ ಮುದ್ರಣ ಕಲೆಯು ಆಗ ದೊಡ್ಡದೊಂದು ತಿರುವಿನಲ್ಲಿತ್ತು. ಅದುವರೆಗೆ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಆಯ್ದು ಸಾಲು ಕಟ್ಟಬೇಕಾಗಿತ್ತು. ಮುದ್ರಣ ಮುಗಿದ ಮೇಲೆ ಆ ಮೊಳೆಗಳನ್ನು ಬಿಚ್ಚಿ, ಮತ್ತೆ ಅವುಗಳ ಮನೆಗಳಿಗೆ ಹಂಚಬೇಕಾಗಿತ್ತು. ಈಗ ಬೆಳಕಿನ ಮೂಲಕ ಅಕ್ಷರದ ಬಿಂಬವನ್ನು ಛಾಯಾಚಿತ್ರದ ಕಾಗದದ ಮೇಲೆ ಮೂಡಿಸುವ ಹೊಸ ವಿಧಾನ ಬಂದಿತು. ಇಂಗ್ಲಿಷಿಗೆ ಸುಲಭವಾಗಿ ಒಗ್ಗಿದ ಈ ವಿಧಾನಕ್ಕೆ ಭಾರತೀಯ ಲಿಪಿಗಳನ್ನು ಒಗ್ಗಿಸುವುದೇ ರಾಯರ ಮುಂದಿದ್ದ ಸಮಸ್ಯೆ.

ಈ ಸಮಸ್ಯೆ ಎಷ್ಟು ಕಠಿಣವಾದುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳಿವೆ. ಪ್ರತಿಯೊಂದು ವ್ಯಂಜನಕ್ಕೂ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳಾಗುತ್ತವೆ. ಎರಡು ವ್ಯಂಜನಗಳ ಒತ್ತಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ 34ನ್ನು 34ರಿಂದಲೂ, ಬಂದ ಲಬ್ಧವನ್ನು 13ರಿಂದಲೂ ಗುಣಿಸಬೇಕು. ಆಗ ದೊರೆಯುವ ಸಂಖ್ಯೆ 15,028. ಇವೆಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೂ ಬಳಕೆಯಲ್ಲಿರುವವೇ ನೂರಾರು. ಬೆರಳಚ್ಚು ಯಂತ್ರದಲ್ಲಿಯಾದರೋ ಸುಮಾರು 90 ಚಿಹ್ನೆಗಳಿಗೆ ಮಾತ್ರ ಎಡೆಯಿದ್ದಿತು. ಆದುದರಿಂದ ಅಕ್ಷರಗಳನ್ನು ತುಂಡು ತುಂಡಾಗಿ ಒಡೆದು, ತಲೆಕಟ್ಟು, ಕೊಂಬು, ಇಳಿ, ಒತ್ತುಗಳನ್ನು ಬೇರೆ ಬೇರೆಯಾಗಿ ಒತ್ತಿ ಕೂಡಿಸಬೇಕಾಗುತ್ತಿತ್ತು.

ಈ ತೊಡಕನ್ನು ಕಂಡ ಕೆಲವರು ಲಿಪಿಯನ್ನೇ ಸುಧಾರಿಸಬೇಕೆಂದು ವಾದಿಸಿದರು. ಒತ್ತುಗಳನ್ನು ಕೆಳಗೆ ಬರೆಯುವುದನ್ನು ಬಿಡಬೇಕು, ಅಕ್ಷರಗಳ ಸಂಖ್ಯೆಯನ್ನು ಇಳಿಸಬೇಕು ಎಂಬಂತಹ ಸಲಹೆಗಳು ಕನ್ನಡದಲ್ಲಿ ಮತ್ತೆ ಮತ್ತೆ ಕೇಳಿಬಂದವು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಯಂತ್ರಯುಗದಲ್ಲಿ ಕನ್ನಡ ಹಿಂದೆ ಬೀಳಬಾರದೆಂಬ ಕಳಕಳಿ ಅವರದು. ಆದರೆ ಇಲ್ಲಿ ಗಂಭೀರವಾದ ಒಂದು ಪ್ರಶ್ನೆಯಿದೆ. ಯಂತ್ರಕ್ಕಾಗಿ ಲಿಪಿ ಬಾಗಬೇಕೋ, ಲಿಪಿಗಾಗಿ ಯಂತ್ರ ಬಾಗಬೇಕೋ? ಲಿಪಿಯನ್ನು ಬದಲಿಸಿದ್ದರೆ ಮುಂದಿನ ತಲೆಮಾರಿನವರಿಗೆ ಹಿಂದಿನ ಪುಸ್ತಕಗಳೆಲ್ಲ ಶಾಸನಗಳಂತೆ ತಜ್ಞರ ಸಹಾಯವಿಲ್ಲದೆ ಓದಲಾಗದ ಬರಹಗಳಾಗಿ ಉಳಿಯುವ ಅಪಾಯವಿತ್ತು.

ರಾಯರು ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡದ್ದು ಅಕ್ಷರದ ಆಕಾರದಲ್ಲಿ ಅಲ್ಲ, ಅದರ ಧ್ವನಿಯಲ್ಲಿ. ನಮ್ಮ ವರ್ಣಮಾಲೆಯು ಧ್ವನಿಗಳನ್ನು ಆಧರಿಸಿ ರಚಿತವಾದುದು. ಕಂಠದಿಂದ ಹೊರಡುವ ಕವರ್ಗದಿಂದ ತುಟಿಗಳಲ್ಲಿ ಹುಟ್ಟುವ ಪವರ್ಗದವರೆಗೆ ಅಕ್ಷರಗಳನ್ನು ಹಿರಿಯರು ಉಚ್ಚಾರಣೆಯ ಸ್ಥಾನಕ್ಕೆ ಅನುಸಾರವಾಗಿ ಜೋಡಿಸಿದ್ದಾರೆ. ಆಕಾರಗಳು ಸಾವಿರಾರು ಇದ್ದರೂ ಮೂಲಧ್ವನಿಗಳು ಐವತ್ತನ್ನು ದಾಟವು. ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರಗಳ ಕೀಲಿಗಳು 26. ಶಿಫ್ಟ್ ಕೀಲಿಯ ನೆರವಿನಿಂದ ಅವು 52 ಆಗುತ್ತವೆ. ಬರೆಯುವವನು ಧ್ವನಿಯನ್ನು ಮಾತ್ರ ಒತ್ತಲಿ, ಆಕಾರವನ್ನು ಕೂಡಿಸುವ ಹೊಣೆ ಯಂತ್ರಕ್ಕಿರಲಿ ಎಂಬುದೇ ಅವರ ವಿನ್ಯಾಸದ ತಿರುಳು.

'ಭಕ್ತಿ' ಎಂಬ ಪದವನ್ನು ತೆಗೆದುಕೊಳ್ಳಿ. ಕೈಯಿಂದ ಬರೆಯುವಾಗ ನಾವು 'ಭ' ಬರೆದು, 'ಕ'ಕ್ಕೆ ಗುಡಿಸು ಕೊಟ್ಟು, ಕೊನೆಗೆ ಕೆಳಗೆ 'ತ' ಒತ್ತನ್ನು ಇಡುತ್ತೇವೆ. ನೋಟಕ್ಕೆ ಗುಡಿಸು 'ಕ'ಕಾರದ ಮೇಲಿದೆ. ಆದರೆ ಕಿವಿಗೆ ಕೇಳುವ ಕ್ರಮ ಬೇರೆ. ಮೊದಲು 'ಭ', ಆಮೇಲೆ 'ಕ್', ಆಮೇಲೆ 'ತ್', ಕೊನೆಯಲ್ಲಿ 'ಇ'. ರಾಯರ ಕೀಲಿಮಣೆಯಲ್ಲಿ ಒತ್ತಬೇಕಾದುದು ಈ ಎರಡನೆಯ ಕ್ರಮದಲ್ಲಿ. ಶಿಫ್ಟಿನೊಡನೆ 'ಬಿ' ಕೀಲಿ ಒತ್ತಿದರೆ 'ಭ', 'ಕೆ' ಒತ್ತಿದರೆ 'ಕ', ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿಯಾಗಿ 'ಎಫ್', ಅನಂತರ 'ಟಿ' ಒತ್ತಿದರೆ 'ತ', 'ಐ' ಒತ್ತಿದರೆ 'ಇ'ಕಾರ. ಹೀಗೆ ಐದು ಕೀಲಿಗಳಲ್ಲಿ ಪದವು ಮುಗಿಯುತ್ತದೆ. ಸ್ವರದ ಕೀಲಿಯನ್ನು ಪದದ ಮೊದಲಿಗೆ ಒತ್ತಿದರೆ ಪೂರ್ಣ ಸ್ವರಾಕ್ಷರವೂ, ವ್ಯಂಜನದ ಮುಂದೆ ಒತ್ತಿದರೆ ಅದರ ಗುಣಿತ ಚಿಹ್ನೆಯೂ ಮೂಡುತ್ತದೆ. ಕನ್ನಡ ಉಚ್ಚಾರಣೆ ಬಲ್ಲವರು ಇದನ್ನು ಕೆಲವೇ ದಿನಗಳಲ್ಲಿ ಕಲಿಯಬಲ್ಲರು.

ಧ್ವನಿಯ ಕ್ರಮವನ್ನು ಅನುಸರಿಸುವುದರಿಂದ ಮತ್ತೊಂದು ಪ್ರಯೋಜನವುಂಟು. ಯಂತ್ರವು ಪದಗಳನ್ನು ಅಕಾರಾದಿಯಾಗಿ ಜೋಡಿಸಬೇಕಾದರೆ, ಬೇಕಾದ ಪದವನ್ನು ಹುಡುಕಿಕೊಡಬೇಕಾದರೆ, ಅದಕ್ಕೆ ಪದದ ಧ್ವನಿಗಳು ಸರಿಯಾದ ಅನುಕ್ರಮದಲ್ಲಿ ತಿಳಿದಿರಬೇಕು. ಜಗತ್ತಿನ ಎಲ್ಲ ಲಿಪಿಗಳಿಗಾಗಿ ರೂಪುಗೊಂಡು 1991ರಲ್ಲಿ ಮೊದಲು ಪ್ರಕಟವಾದ 'ಯೂನಿಕೋಡ್' ಸಂಕೇತ ವ್ಯವಸ್ಥೆಯಲ್ಲಿಯೂ ಕನ್ನಡವು ಉಚ್ಚಾರಣೆಯ ಕ್ರಮದಲ್ಲಿಯೇ ದಾಖಲಾಗುತ್ತದೆ.

ತಾವು ರೂಪಿಸಿದ ಕನ್ನಡ ತಂತ್ರಾಂಶಕ್ಕೆ ರಾಯರು 'ಸೇಡಿಯಾಪು' ಎಂದು ಹೆಸರಿಟ್ಟರು. ವ್ಯಾಕರಣ, ಛಂದಸ್ಸುಗಳಲ್ಲಿ ಪಾರಂಗತರಾಗಿದ್ದ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪನ್ನು ಹೊತ್ತ ಹೆಸರು ಅದು. ಯಂತ್ರದ ಸೃಷ್ಟಿಗೆ ವಿದ್ವಾಂಸರೊಬ್ಬರ ಹೆಸರನ್ನಿಡುವುದರಲ್ಲಿ ರಾಯರ ಮನೋಧರ್ಮ ವ್ಯಕ್ತವಾಗುತ್ತದೆ. ಇದಕ್ಕಿಂತಲೂ ಹಿರಿದಾದ ಸಂಗತಿಯೆಂದರೆ, ಅವರು ತಮ್ಮ ತಂತ್ರಾಂಶವನ್ನೂ ಕೀಲಿಮಣೆಯ ವಿನ್ಯಾಸವನ್ನೂ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದನ್ನು ತಮ್ಮ ಸ್ವತ್ತೆಂದು ಕಾಯ್ದಿರಿಸಿ ಹಣ ಗಳಿಸಲು ಅವರು ಬಯಸಲಿಲ್ಲ. ಕರ್ನಾಟಕ ಸರಕಾರವು ಕೆಲವು ಮಾರ್ಪಾಡುಗಳೊಡನೆ ಈ ವಿನ್ಯಾಸವನ್ನು ಅಧಿಕೃತವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಕಚೇರಿಗಳಿಗೂ ಶಾಲೆಗಳಿಗೂ ತಲುಪಿ, 'ಕಗಪ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದೇ ಹಾದಿಯಲ್ಲಿ, ಅಮೆರಿಕದಲ್ಲಿ ತಂತ್ರಜ್ಞರಾಗಿದ್ದ ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಎಂಬ ತಂತ್ರಾಂಶವನ್ನು ಹೊರತಂದು ದೂರದೇಶದ ಕನ್ನಡಿಗರಿಗೂ ತಾಯ್ನುಡಿಯಲ್ಲಿ ಬರೆಯಲು ಅನುಕೂಲ ಮಾಡಿಕೊಟ್ಟರು.

ರಾಯರ ವೃತ್ತಿಜೀವನ ಅಲ್ಲಿಗೆ ನಿಲ್ಲಲಿಲ್ಲ. ಮಾನೋಟೈಪ್ ಮೊದಲಾದ ಅಕ್ಷರವಿನ್ಯಾಸ ಸಂಸ್ಥೆಗಳಿಗೆ ಅವರು ಸಲಹೆಗಾರರಾದರು. ಅನಂತರ ಕರಾವಳಿಗೆ ಹಿಂದಿರುಗಿ ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ತರುಣರಿಗೆ ಪಾಠ ಹೇಳಿದರು. ಇಳಿವಯಸ್ಸಿನಲ್ಲಿ 'ವರ್ಣಕ' ಎಂಬ ಕಾದಂಬರಿಯನ್ನೂ ಬರೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 2013ರಲ್ಲಿ ಅವರಿಗೆ ನಾಡೋಜ ಗೌರವವನ್ನು ಸಲ್ಲಿಸಿತು. ವಿಜ್ಞಾನಿ, ಮುದ್ರಣತಜ್ಞ, ಸಲಹೆಗಾರ, ಅಧ್ಯಾಪಕ, ಲೇಖಕ ಎಂಬ ಐದು ಪಾತ್ರಗಳನ್ನು ಅವರು ವಹಿಸಿದರು. ಕೆಲಸ ಬದಲಾದಾಗಲೆಲ್ಲ ಹಿಂದಿನ ಅನುಭವ ವ್ಯರ್ಥವಾಗಲಿಲ್ಲ. ವಿಜ್ಞಾನವು ಅವರಿಗೆ ಲೆಕ್ಕಾಚಾರದ ಶಿಸ್ತನ್ನು ಕೊಟ್ಟಿತು. ಅಚ್ಚುಕೂಟವು ಅಕ್ಷರದ ಮೈಕಟ್ಟನ್ನು ಪರಿಚಯಿಸಿತು. ವ್ಯಾಕರಣದ ಹವ್ಯಾಸವು ಅಕ್ಷರದ ಒಳಗಿರುವ ಧ್ವನಿಯತ್ತ ಗಮನ ಸೆಳೆಯಿತು. ಈ ಮೂರೂ ಒಬ್ಬರಲ್ಲಿಯೇ ಕೂಡಿದುದರಿಂದ ಕನ್ನಡದ ತೊಡಕು ಬಿಡಿಸಿಕೊಂಡಿತು.

ವಿದ್ಯಾರ್ಥಿಗಳೇ, ಹವ್ಯಾಸವೆಂದರೆ ಕಾಲಹರಣವೆಂದೂ, ಉದ್ಯೋಗವೆಂದರೆ ಸಂಬಳವೆಂದೂ ತಿಳಿಯುವವರುಂಟು. ರಾಯರ ಬದುಕು ಈ ತಿಳಿವಳಿಕೆಯನ್ನು ತಿದ್ದುತ್ತದೆ. ಹೊಸ ಯಂತ್ರ ಬಂದಾಗ ನಮ್ಮ ಭಾಷೆ ಅದಕ್ಕೆ ತಕ್ಕುದಲ್ಲವೆಂದು ಕೈಚೆಲ್ಲುವುದು ಸುಲಭ. ಭಾಷೆಯ ಒಳರಚನೆಯನ್ನು ಅರಿತು, ಯಂತ್ರವನ್ನು ಅದಕ್ಕೆ ಒಗ್ಗಿಸುವುದು ಕಷ್ಟ. ಮುಂದೆಯೂ ಹೊಸ ಹೊಸ ಯಂತ್ರಗಳು ಬರಲಿವೆ. ಪುಲಿಗೆರೆಯ ಕಲ್ಲಿನಲ್ಲಿಯೂ ಗದಗಿನ ಓಲೆಯಲ್ಲಿಯೂ ಬಾಳಿದ ನುಡಿಯು ಅವುಗಳಲ್ಲಿಯೂ ಬಾಳಬೇಕಾದರೆ, ಯಂತ್ರವನ್ನೂ ವ್ಯಾಕರಣವನ್ನೂ ಒಟ್ಟಿಗೆ ಪ್ರೀತಿಸಬಲ್ಲ ತರುಣರು ನಿಮ್ಮಲ್ಲಿ ಮೂಡಿಬರಬೇಕು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 'ಕವಿರಾಜಮಾರ್ಗ'ದಲ್ಲಿ ಹೆಸರಿಸಿರುವ ಪುಲಿಗೆರೆ ಇಂದಿನ ಯಾವ ಊರು?
2. ಕೆ. ಪಿ. ರಾಯರು ತಮ್ಮ ತಂತ್ರಾಂಶಕ್ಕೆ ಯಾರ ಹೆಸರನ್ನಿಟ್ಟರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬೆರಳಚ್ಚು ಯಂತ್ರಕ್ಕೆ ಕನ್ನಡ ಲಿಪಿಯನ್ನು ಅಳವಡಿಸುವುದು ಏಕೆ ಕಠಿಣವಾಗಿತ್ತು?
2. 'ಭಕ್ತಿ' ಎಂಬ ಪದದ ಬರಹದ ಕ್ರಮಕ್ಕೂ ಉಚ್ಚಾರಣೆಯ ಕ್ರಮಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ. 'ಶಿಸ್ತು' ಎಂಬ ಪದವನ್ನೂ ಹಾಗೆಯೇ ಬಿಡಿಸಿ ತೋರಿಸಿರಿ.

ಇ. ಚರ್ಚಿಸಿರಿ.
'ಯಂತ್ರಕ್ಕಾಗಿ ಲಿಪಿ ಬಾಗಬೇಕೋ, ಲಿಪಿಗಾಗಿ ಯಂತ್ರ ಬಾಗಬೇಕೋ?' ಎರಡು ಪಕ್ಷಗಳ ವಾದಗಳನ್ನೂ ಬರೆದು, ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಿರಿ.